ಆಯ್ಲರ್ ಜರಡಿಗೆ ಸಿಗದ ಸಂಖ್ಯೆ

ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ 1ನ್ನು ಕಳೆದರೆ 2,14,74,83,647 ಉಳಿಯುತ್ತದೆ. ಇದು 1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ ಸಂಖ್ಯೆ. ಎರಡರ ಘಾತದಿಂದ 1 ಕಳೆದಾಗ ಸಿಗುವ ಇಂಥ ಅವಿಭಾಜ್ಯಗಳಿಗೆ ಫ್ರಾನ್ಸಿನ ಪಾದ್ರಿ ಮರೆನ್ ಮೆರ್ಸೆನ್ ಹೆಸರು ಅಂಟಿಕೊಂಡಿದೆ. ಆತ 1644ರಲ್ಲಿ ಕೊಟ್ಟ ಘಾತಗಳ ಪಟ್ಟಿಯಲ್ಲಿ ತಪ್ಪುಗಳಿದ್ದವು, ಆದರೆ 31ರ ವಿಷಯದಲ್ಲಿ ಅವನ ಮಾತು ನಿಜವಾಯಿತು. ಅದನ್ನು ಸಾಧಿಸಿ ತೋರಿಸಿದವನು, ಆ ವೇಳೆಗೆ ದೃಷ್ಟಿಯನ್ನು ಬಹುಪಾಲು ಕಳೆದುಕೊಂಡು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್; ಡೇನಿಯಲ್ ಬರ್ನೌಲಿಗೆ ಅವನು ಬರೆದ ಪತ್ರ 1772ರಲ್ಲಿ ಬೆಳಕಿಗೆ ಬಂತು.

ಈ ಸಂಖ್ಯೆಯ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಆದ್ದರಿಂದ ಅಲ್ಲಿಯವರೆಗಿನ ಸುಮಾರು 4,800 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿದರೆ ಪ್ರಶ್ನೆ ಬಗೆಹರಿಯುತ್ತದೆ. ಆಯ್ಲರ್ ಲೆಕ್ಕಕ್ಕೆ ಕೂರುವ ಮೊದಲೇ ಅವುಗಳಲ್ಲಿ ಬಹುತೇಕವನ್ನು ಹೊರಗಟ್ಟಿದ. ಈ ಸಂಖ್ಯೆಗೆ ಯಾವುದೋ ಅವಿಭಾಜ್ಯ ಭಾಜಕವಿದೆ ಎಂದುಕೊಳ್ಳೋಣ. ಆಗ ಎರಡರ 31ನೆಯ ಘಾತವನ್ನು ಆ ಭಾಜಕದಿಂದ ಭಾಗಿಸಿದರೆ ಶೇಷ 1. ಭಾಜಕಕ್ಕಿಂತ ಒಂದು ಕಡಿಮೆಯಾದ ಘಾತಕ್ಕೂ ಅದೇ ಶೇಷ ಬರುತ್ತದೆಂಬುದು ಫರ್ಮಾನ ಪ್ರಮೇಯ. 31 ಸ್ವತಃ ಅವಿಭಾಜ್ಯವಾದ್ದರಿಂದ ಈ ಎರಡೂ ಹೊಂದಬೇಕಾದರೆ, ಭಾಜಕದಿಂದ 1 ಕಳೆದಾಗ ಉಳಿಯುವುದು 31ರ ಅಪವರ್ತ್ಯವಾಗಿರಲೇಬೇಕು; ಭಾಜಕ ಬೆಸವಾದುದರಿಂದ ಅದು 62ರ ಅಪವರ್ತ್ಯವೂ ಹೌದು. ಜೊತೆಗೆ, ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಆಗಬಲ್ಲದು. ಎರಡು ನಿಬಂಧನೆಗಳನ್ನೂ ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಕೊಡುವ ಸುಮಾರು 370 ಸಂಖ್ಯೆಗಳಷ್ಟೇ ಉಳಿಯುತ್ತವೆ. ಅವುಗಳಲ್ಲಿ ಅವಿಭಾಜ್ಯಗಳು ನೂರಕ್ಕೂ ಕಡಿಮೆ. ನಿಯಮವನ್ನು ಚಿಕ್ಕದರಲ್ಲಿ ಪರೀಕ್ಷಿಸಬೇಕೆನ್ನುವವರಿಗೆ 11ನೆಯ ಘಾತ ಸಾಕು: 2,047 ಎಂದರೆ 23 ಗುಣಿಲೆ 89, ಎರಡರಲ್ಲೂ 1 ಕಳೆದರೆ 22ರ ಅಪವರ್ತ್ಯಗಳೇ.

ತನ್ನನ್ನು ಹೊರತುಪಡಿಸಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ 6, 28ರಂಥವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮೆರ್ಸೆನ್ ಅವಿಭಾಜ್ಯವೂ ಇಂಥ ಒಂದನ್ನು ಕೊಡುತ್ತದೆ. 31ನೆಯ ಘಾತದಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದು ಮುಂದೆಂದೂ ಸಿಗಲಾರದು, ಕುತೂಹಲದ ಹೊರತು ಇವುಗಳಿಂದ ಪ್ರಯೋಜನವಿಲ್ಲದಿರುವಾಗ ಯಾರೂ ಹುಡುಕಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದ. ಹುಡುಕುವವರ ಹಟವನ್ನು ಆತ ಅರಿತಿರಲಿಲ್ಲವೆನ್ನಬೇಕು. 1876ರಲ್ಲಿ ಎಡ್ವರ್ಡ್ ಲ್ಯೂಕಾ 127ನೆಯ ಘಾತವನ್ನು ಸಾಧಿಸಿದ. ಪ್ರಯೋಜನದ ಮಾತೂ ನಿಲ್ಲಲಿಲ್ಲ: 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಶಿಫಾರಸು ಮಾಡಿದ, ಕಂಪ್ಯೂಟರಿನಲ್ಲಿ ಯಾದೃಚ್ಛಿಕವೆಂದು ತೋರುವ ಸಂಖ್ಯೆಗಳನ್ನು ಹೊರಡಿಸುವ ವಿಧಾನದಲ್ಲಿ, ಹಿಂದಿನ ಸಂಖ್ಯೆಯನ್ನು 16,807ರಿಂದ ಗುಣಿಸಿ ಇದೇ ಅವಿಭಾಜ್ಯದಿಂದ ಭಾಗಿಸಿದ ಶೇಷವೇ ಮುಂದಿನ ಸಂಖ್ಯೆ. 16,807 ಎಂಬುದು ಏಳರ 5ನೆಯ ಘಾತ. ಆ ಆಯ್ಕೆಯಿಂದಾಗಿ 1ರಿಂದ 2,14,74,83,646ರವರೆಗಿನ ಪ್ರತಿಯೊಂದೂ ಒಮ್ಮೆ ಬಂದ ಮೇಲೆಯೇ ಸರಣಿ ಪುನರಾವರ್ತಿಸುತ್ತದೆ.

ಮೆರ್ಸೆನ್ ಅವಿಭಾಜ್ಯವನ್ನೇ ಘಾತವಾಗಿಟ್ಟರೆ ಮತ್ತೊಂದು ಅವಿಭಾಜ್ಯ ಸಿಗುವುದೆಂಬ ಆಸೆಗೆ 3, 7, 31 ಮತ್ತು 127 ಇಂಬು ಕೊಡುತ್ತವೆ. ಆದರೆ ಆಯ್ಲರನ ಸಂಖ್ಯೆಯನ್ನೇ ಘಾತವಾಗಿಸಿದಾಗ ಬರುವ, 64 ಕೋಟಿಗೂ ಹೆಚ್ಚು ಅಂಕೆಗಳ ಸಂಖ್ಯೆ ಅವಿಭಾಜ್ಯವಲ್ಲ. 29,52,57,52,66,26,031 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಈ ಭಾಜಕದಿಂದ 1 ಕಳೆದರೆ, ಆಯ್ಲರನ ನಿಯಮ ಬಯಸುವಂತೆಯೇ, ಘಾತದ ಇಮ್ಮಡಿಯ 68,745 ಪಟ್ಟು ಉಳಿಯುತ್ತದೆ.