ಅಂಗಳಕ್ಕೊಂದು ಹಸುರು ಹಾಸು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದ ಹಿರಿಯರು ಇಂದಿನ ಬೆಂಗಳೂರಿನ ಬಡಾವಣೆಗಳನ್ನು ಕಂಡಿದ್ದರೆ, ಆ ಗಾದೆಗೆ "ಹುಲ್ಲು ಹಾಸಿ ನೋಡು" ಎಂಬ ಮೂರನೆಯ ತುಂಡನ್ನೂ ಸೇರಿಸುತ್ತಿದ್ದರೋ ಏನೋ! ಗೃಹಪ್ರವೇಶ ಮುಗಿದು, ಬಂಧುಬಳಗವೆಲ್ಲ ಊರಿಗೆ ಮರಳಿದ ಮೇಲೆ ಮನೆಯೊಡೆಯನ ಕಣ್ಣು ಮೆಟ್ಟಿಲಿಗೂ ಕಾಂಪೌಂಡು ಗೋಡೆಗೂ ನಡುವಣ ಬರಿನೆಲದ ಮೇಲೆ ಬೀಳುತ್ತದೆ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಒಡೆದ ಇಟ್ಟಿಗೆ, ಗಟ್ಟಿಗೊಂಡ ಸಿಮೆಂಟು, ಜಲ್ಲಿಕಲ್ಲು. ಅಲ್ಲೊಂದು ಹಸುರು ಹಾಸು ಇದ್ದರೆ ಎಷ್ಟು ಚೆನ್ನ! ಸಂಜೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯಬಹುದು. ಮಗು ಓಡಿ ಬಿದ್ದರೂ ಮೊಣಕಾಲು ತರಚದು.

ಆಸೆ ಸಹಜವಾದದ್ದೇ. ಆದರೆ ಅದನ್ನು ಈಡೇರಿಸಿಕೊಳ್ಳುವುದರಲ್ಲಿ ನಾವು ಆತುರಗಾರರು. ಬೆಳಿಗ್ಗೆ ಲಾರಿಯಲ್ಲಿ ಕೆಂಪು ಮಣ್ಣು ಬರುತ್ತದೆ. ಮಧ್ಯಾಹ್ನ ನರ್ಸರಿಯಿಂದ ಹುಲ್ಲಿನ ಬಿಲ್ಲೆಗಳು ಬರುತ್ತವೆ. ಸಂಜೆಯ ಹೊತ್ತಿಗೆ ಅಂಗಳವು ರತ್ನಗಂಬಳಿಯಾಗಿರುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಲ್ಲಲ್ಲಿ ಹಳದಿ ಕಲೆ, ನಡುನಡುವೆ ಜೇಕಿನ ಗರಿ, ದಿನವೂ ನೀರು ಹನಿಸಿದರೂ ತೀರದ ಬಾಯಾರಿಕೆ. ಯಜಮಾನರು ಮಾಲಿಯನ್ನು ದೂರುತ್ತಾರೆ, ಮಾಲಿ ಹುಲ್ಲನ್ನು ದೂರುತ್ತಾನೆ. ವಾಸ್ತವವಾಗಿ ದೋಷವಿರುವುದು ಇವರಿಬ್ಬರೂ ನೋಡದ ಕಡೆ, ಹುಲ್ಲಿನ ಅಡಿಯ ಒಂಬತ್ತು ಅಂಗುಲದಲ್ಲಿ. ಹುಲ್ಲನ್ನು ಹಣ ಕೊಟ್ಟು ತರಬಹುದು. ಅದು ಬೇರೂರುವ ನೆಲವನ್ನು ಮಾತ್ರ ನಾವೇ ಸಿದ್ಧಗೊಳಿಸಬೇಕು.

ಪರದೇಶದ ಹಾಸು, ನಮ್ಮ ಗರಿಕೆ

ಕತ್ತರಿಸಿ ಸಮಗೊಳಿಸಿದ ಹುಲ್ಲುಹಾಸು ತಂಪು ಹವೆಯ, ವರ್ಷವಿಡೀ ಜಿನುಗುಮಳೆ ಬೀಳುವ ಇಂಗ್ಲೆಂಡಿನಲ್ಲಿ ಬೆಳೆದು ಬಂದ ರೂಢಿ. ಬಹುಕಾಲ ಅದು ಕುಡುಗೋಲು ಹಿಡಿಯುವ ಆಳುಗಳನ್ನು ಸಾಕಬಲ್ಲ ಶ್ರೀಮಂತರ ಸೊತ್ತಾಗಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಣ ಜುಂಗನ್ನು ಸವರುವ ಯಂತ್ರವೇ ಅವನಿಗೆ ಮಾದರಿ. ಆ ಮೇಲೆ ಹುಲ್ಲುಹಾಸು ಸಾಮಾನ್ಯ ಗೃಹಸ್ಥನ ಅಂಗಳಕ್ಕೂ ಇಳಿಯಿತು.

ನಮ್ಮ ಬಿಸಿಲಿಗೆ ಆ ತಂಪುನಾಡಿನ ಹುಲ್ಲುಗಳು ಒಗ್ಗವು. ಇಲ್ಲಿಗೆ ಸಲ್ಲುವವು ಬೇರೆ. ನರ್ಸರಿಯಲ್ಲಿ 'ಬರ್ಮುಡಾ' ಎಂಬ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ ನಮ್ಮ ಗರಿಕೆಯ ಜಾತಿಯದೇ, ಇಲ್ಲವೆ ಅದರ ಮಿಶ್ರತಳಿ. ಗಣಪತಿಯ ಪೂಜೆಗೆ ಮಕ್ಕಳು ಬೀದಿಬದಿಯಿಂದ ಕಿತ್ತು ತರುವ ದೂರ್ವೆಯೇ ವಿದೇಶದ ಹೆಸರು ಹೊತ್ತು ಬೆಲೆ ಏರಿಸಿಕೊಂಡಿದೆ! ನೆಲದ ಮೇಲೆ ಹರಿಯುವ ಬಳ್ಳಿಯಿಂದಲೂ ನೆಲದೊಳಗೆ ಹರಿಯುವ ಕಾಂಡದಿಂದಲೂ ಹಬ್ಬುವುದು ಗರಿಕೆಯ ಗುಣ. ವಂಶವು ಗರಿಕೆಯಂತೆ ಹಬ್ಬಲಿ ಎಂದು ಮುತ್ತೈದೆಯರು ಹರಸುವುದು ಸುಮ್ಮನೆ ಅಲ್ಲ. ಮೆತ್ತೆಯಂತೆ ದಟ್ಟವಾಗಿ, ನಿಧಾನವಾಗಿ ಬೆಳೆಯುವುದು ಬೇಕೆಂಬವರು 'ಕೊರಿಯನ್' ಅಥವಾ 'ಮೆಕ್ಸಿಕನ್' ಎಂದು ಮಾರುವ ಹುಲ್ಲನ್ನು ಆರಿಸುತ್ತಾರೆ. ಅರೆನೆರಳಿನ ಅಂಗಳಕ್ಕೆ ಅಗಲ ಎಲೆಯ 'ಬಫೆಲೊ' ಹುಲ್ಲು ವಾಸಿ. ಗರಿಕೆಗಾದರೆ ದಿನಕ್ಕೆ ಕನಿಷ್ಠ ಆರು ಗಂಟೆಯ ಬಿಸಿಲು ಬೇಕು. ದಿನವಿಡೀ ಎದುರು ಕಟ್ಟಡದ ನೆರಳಿನಲ್ಲಿರುವ ಅಂಗಳಕ್ಕೆ ಹುಲ್ಲನ್ನು ಹಾಸುವುದೇ ಬೇಡ. ನೆರಳನ್ನೊಲ್ಲುವ ಗಿಡಗಳನ್ನು ಇಟ್ಟರಾಯಿತು.

ನೀರಿನ ಲೆಕ್ಕ

ಗುದ್ದಲಿ ಹಿಡಿಯುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಮಾಡುವುದು ಒಳಿತು. ಒಣದಿನಗಳಲ್ಲಿ ಹಾಸಿಗೆ ವಾರಕ್ಕೆ ಸುಮಾರು ಒಂದು ಅಂಗುಲ ನೀರು ಬೇಕೆಂದು ಹಿಡಿಯೋಣ. ನೂರು ಚದರ ಅಡಿಗೆ ಒಂದು ಅಂಗುಲವೆಂದರೆ 236 ಲೀಟರು. ನಮ್ಮ ಇನ್ನೂರು ಚದರ ಅಡಿಯ ಅಂಗಳಕ್ಕೆ ವಾರಕ್ಕೆ 472 ಲೀಟರು. ಹದಿನೈದು ಲೀಟರಿನ ಕೊಡದಲ್ಲಿ ಮೂವತ್ತೊಂದು ಕೊಡಕ್ಕೂ ಮೇಲು.

ಇದು ಅಲ್ಪವಲ್ಲ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ಸುಮಾರು ನೂರು ಕಿಲೋಮೀಟರು ದೂರದಿಂದ, ಏರುನೆಲದ ಮೇಲೆ ಯಂತ್ರಗಳ ಬಲದಿಂದ ಹತ್ತಿಬರುವ ನೀರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಜನ ಕಾದುನಿಂತದ್ದನ್ನು ಯಾರೂ ಮರೆತಿರಲಾರರು. ಆ ವರ್ಷದ ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸುವುದನ್ನೇ ನಿಷೇಧಿಸಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಪಕ್ಕದ ಬೀದಿಯ ತಾಯಿ ಬಿಂದಿಗೆ ಹಿಡಿದು ನಿಂತಿರುವಾಗ ನಮ್ಮ ಹುಲ್ಲಿಗೆ ಕೊಳವೆಯಿಂದ ನೀರು ಚಿಮ್ಮಿಸುವುದು ಯಾವ ಸೊಗಸು?

ಹಾಗೆಂದು ಅಂಗಳಕ್ಕೆಲ್ಲ ಕಲ್ಲುಹಾಸು ಹೊದಿಸಿಬಿಡುವುದೂ ಪರಿಹಾರವಲ್ಲ. ಕಲ್ಲುಹಾಸಿನ ಮೇಲೆ ಬಿದ್ದ ಮಳೆ ಬೀದಿಗೆ ಹರಿದು ಚರಂಡಿ ಸೇರುತ್ತದೆ. ನೆಲದೊಳಗೆ ಇಳಿಯುವುದೇ ಇಲ್ಲ. ಇನ್ನೊಂದು ಲೆಕ್ಕವನ್ನು ನೋಡಿ: ಸಾವಿರ ಚದರ ಅಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2360 ಲೀಟರು. ಸೋರಿಹೋದದ್ದನ್ನು ಕಳೆದು ಹಿಡಿದಿಟ್ಟರೂ ನಮ್ಮ ಹಾಸಿಗೆ ನಾಲ್ಕು ವಾರಕ್ಕೆ ಸಾಲುತ್ತದೆ. ಆದುದರಿಂದ ಹಾಸು ಚಿಕ್ಕದಾಗಿರಲಿ, ಮಳೆನೀರಿನ ತೊಟ್ಟಿ ದೊಡ್ಡದಾಗಿರಲಿ. ಇವೆರಡರ ಜೊತೆಗೆ ಬೇಕಾದ ಮೂರನೆಯದು ಆಳವಾದ, ಸಡಿಲವಾದ ಮಣ್ಣು. ಬೇರು ಎರಡೇ ಅಂಗುಲ ಇಳಿದರೆ ಹುಲ್ಲಿಗೆ ದಿನವೂ ನೀರು ಬೇಕು; ಎಂಟು ಅಂಗುಲ ಇಳಿದರೆ ವಾರಕ್ಕೊಮ್ಮೆ ಸಾಕು. ಹುಲ್ಲಿನ ಬಾಯಾರಿಕೆಯನ್ನು ನಿರ್ಧರಿಸುವುದು ಮಣ್ಣೇ.

ನೆಲವನ್ನು ಹದಗೊಳಿಸುವುದು

ಹೊಸ ಮನೆಯ ಅಂಗಳ ಸಾಮಾನ್ಯವಾಗಿ ತಲೆಕೆಳಗಾದ ನೆಲ. ತಳಪಾಯ ತೋಡಿದಾಗ ಬಂದ ಸತ್ತ್ವಹೀನವಾದ ಅಡಿಮಣ್ಣು ಮೇಲಕ್ಕೂ, ಮೇಲಣ ಫಲವತ್ತಾದ ಮಣ್ಣು ಅಡಿಗೂ ಸೇರಿರುತ್ತವೆ. ಅದರ ಮೇಲೆ ಲಾರಿ ಹರಿದು, ಗಾರೆ ಕಲಸಿ, ನೆಲ ಕಲ್ಲಾಗಿರುತ್ತದೆ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಪಾಲು ಬರಿಯ ಸಂದುಗಳು. ಅವುಗಳಲ್ಲಿ ನೀರೂ ಗಾಳಿಯೂ ಇದ್ದರೆ ಮಾತ್ರ ಬೇರು ಉಸಿರಾಡೀತು. ತುಳಿದ ನೆಲದಲ್ಲಿ ಆ ಸಂದುಗಳೇ ಮುಚ್ಚಿಹೋಗಿರುತ್ತವೆ. ಇಂಥ ನೆಲದ ಮೇಲೆ ಎರಡಂಗುಲ ಕೆಂಪು ಮಣ್ಣು ಹರಡಿ ಹುಲ್ಲು ಹಾಸುವುದು ಬಂಡೆಯ ಮೇಲೆ ಹಾಸಿದಂತೆಯೇ ಸರಿ.

ಮೊದಲು ನೆಲವನ್ನು ಪರೀಕ್ಷಿಸಬೇಕು. ಒಂದಡಿ ಆಳದ ಗುಳಿ ತೋಡಿ ನೀರು ತುಂಬಿ ಇಂಗಲು ಬಿಡಿ. ಮತ್ತೊಮ್ಮೆ ತುಂಬಿ ಗಡಿಯಾರ ನೋಡಿ. ಗಂಟೆಗೆ ಒಂದು ಅಂಗುಲವಾದರೂ ಇಳಿದರೆ ಸಮಾಧಾನ. ಇಳಿಯದಿದ್ದರೆ ಕೆಳಗೆ ಗಟ್ಟಿಪದರವಿದೆಯೆಂದು ಅರ್ಥ. ಇನ್ನೊಂದು ಪರೀಕ್ಷೆ ಮಕ್ಕಳಿಗೂ ವಿನೋದ ತರುವಂಥದು. ಗಾಜಿನ ಶೀಸೆಯಲ್ಲಿ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನವುರಾದ ರೇವೆ ಕೆಲವು ಗಂಟೆಗಳಲ್ಲಿ. ಜೇಡಿ ಒಂದು ದಿನದ ಮೇಲೆ. ಪದರಗಳ ದಪ್ಪವೇ ನಿಮ್ಮ ಮಣ್ಣಿನ ಜಾತಕ. ಹುಳಿ-ಕ್ಷಾರಗಳ ವಿಚಾರವನ್ನು ಮಾತ್ರ ಮಣ್ಣು ಪರೀಕ್ಷಾಲಯಕ್ಕೆ ಬಿಡುವುದು ಲೇಸು. ಹುಲ್ಲಿಗೆ ಆರರಿಂದ ಏಳರ ನಡುವಣ ಪಿಎಚ್ ಒಪ್ಪುತ್ತದೆ. ಸುಣ್ಣ, ಸಿಮೆಂಟು ಬೆರೆತ ಕಡೆ ಅದು ಏರಿರುತ್ತದೆ. ಅಂಥ ಮಣ್ಣನ್ನು ತೆಗೆದುಹಾಕುವುದೇ ಉತ್ತಮ.

ಬಳಿಕ ಅಗೆತ. ಒಂಬತ್ತು ಅಂಗುಲಕ್ಕೆ ಕಡಮೆಯಾಗದಂತೆ ಅಗೆದು ಕಲ್ಲು, ಬೇರು, ಪ್ಲಾಸ್ಟಿಕ್ಕುಗಳನ್ನು ಆರಿಸಿ ತೆಗೆಯಬೇಕು. "ಹದ ನೋಡಿ ಹರಗು, ಬೆದೆ ನೋಡಿ ಬಿತ್ತು" ಎಂಬ ನಮ್ಮ ರೈತರ ಮಾತು ಇಲ್ಲಿಯೂ ಸಲ್ಲುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಬೆರಳಿನಿಂದ ತಟ್ಟಿ. ಉಂಡೆಯಾಗಿ ನಿಂತು, ತಟ್ಟಿದೊಡನೆ ಉದುರಿದರೆ ಅದೇ ಹದ. ಕೈಗೆ ಅಂಟಿದರೆ ನೆಲ ಇನ್ನೂ ಹಸಿ; ಆಗ ಅಗೆದರೆ ಹೆಂಟೆಗಳು ಇಟ್ಟಿಗೆಯಾಗುತ್ತವೆ.

ಅಗೆದ ನೆಲವನ್ನು ಎರಡು ಮೂರು ವಾರ ಬಿಸಿಲಿಗೆ ಬಿಡಿ. ನಡುವೆ ಒಮ್ಮೆ ನೀರು ಚಿಮುಕಿಸಿದರೆ ಅಡಗಿದ ಕಳೆಯ ಬೀಜಗಳು ಮೊಳೆಯುತ್ತವೆ. ಅವನ್ನು ಕಿತ್ತು ಮತ್ತೆ ಒಣಗಿಸಿ. ಎಲ್ಲಕ್ಕಿಂತ ಕಡುವೈರಿ ಜೇಕು. ಅದರ ಗರಿಯನ್ನು ಕಿತ್ತು ಫಲವಿಲ್ಲ. ನೆಲದೊಳಗಿನ ಗಡ್ಡೆಗಳ ಸರವನ್ನು ಬೆರಳಿನಿಂದ ಹುಡುಕಿ ತೆಗೆಯಬೇಕು. ಬೇರೆ ಹುಲ್ಲನ್ನು ಹಾಸುವುದಾದರೆ ನೆಲದಲ್ಲಿರುವ ಗರಿಕೆಯನ್ನೂ ಬೇರುಸಹಿತ ತೆಗೆಯದೆ ವಿಧಿಯಿಲ್ಲ.

ಇನ್ನು ಗೊಬ್ಬರ. ಪೂರ್ತಿಯಾಗಿ ಕೊಳೆತು, ವಾಸನೆಯಿಲ್ಲದೆ, ಪುಡಿಯಾಗಿರುವ ಕೊಟ್ಟಿಗೆ ಗೊಬ್ಬರವನ್ನೋ ಎಲೆಗೊಬ್ಬರವನ್ನೋ ಎರಡು ಅಂಗುಲ ದಪ್ಪ ಹರಡಿ, ಮೇಲಿನ ಆರೆಂಟು ಅಂಗುಲ ಮಣ್ಣಿಗೆ ಬೆರೆಸಬೇಕು. ಇನ್ನೂರು ಚದರ ಅಡಿಗೆ ಸುಮಾರು 33 ಘನ ಅಡಿ ಬೇಕಾದೀತು. ಹಸಿ ಸಗಣಿ ಕೂಡದು. ಅದು ಬೇರನ್ನು ಸುಡುತ್ತದೆ, ಕಳೆಯ ಬೀಜವನ್ನೂ ಬೇರು ತಿನ್ನುವ ಗೊಣ್ಣೆಹುಳುವನ್ನೂ ತರುತ್ತದೆ. ಜೇಡಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಸಡಿಲವಾಗುವುದೆಂಬ ನಂಬಿಕೆ ಸರಿಯಲ್ಲ; ಕಡಮೆ ಮರಳು ಜೇಡಿಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಗೊಬ್ಬರವೇ ಮದ್ದು. ಹೊರಗಿನಿಂದ ಕೆಂಪು ಮಣ್ಣು ತರಿಸುವುದು ಕೊನೆಯ ಮಾರ್ಗವಾಗಿರಲಿ. ಆ ಮಣ್ಣು ಯಾರದೋ ಹೊಲದ ಮೇಲ್ಪದರ. ಒಂದಂಗುಲ ಮೇಲ್ಮಣ್ಣು ರೂಪುಗೊಳ್ಳಲು ಶತಮಾನಗಳು ಬೇಕು. ನಮ್ಮ ಅಂಗಳದ ಮಣ್ಣನ್ನೇ ಗುಣಪಡಿಸುವುದು ಜೇಬಿಗೂ ಹಿತ, ಧರ್ಮಕ್ಕೂ ಹಿತ.

ಕೊನೆಗೆ ಮಟ್ಟ. ನೀರು ಮನೆಯ ಗೋಡೆಯಿಂದ ಹೊರಕ್ಕೆ ಹರಿಯುವಂತೆ ಹತ್ತು ಅಡಿಗೆ ಎರಡು ಅಂಗುಲದಷ್ಟು ಇಳಿಜಾರು ಇರಲಿ. ಎರಡು ಗೂಟ, ಒಂದು ದಾರ, ಗಾರೆಯವರ ರಸಮಟ್ಟ ಇಷ್ಟೇ ಸಾಕು. ಹಿಮ್ಮಡಿಯೂರಿ ಚಿಕ್ಕ ಹೆಜ್ಜೆಗಳಲ್ಲಿ ನೆಲವನ್ನೆಲ್ಲ ತುಳಿದು, ತಗ್ಗು ಕಂಡಲ್ಲಿ ಮಣ್ಣು ತುಂಬಿ, ಮತ್ತೆ ಕೆದರಿ ಸಮಮಾಡಬೇಕು. ನಡೆದಾಗ ಹೆಜ್ಜೆ ಅರ್ಧ ಅಂಗುಲಕ್ಕಿಂತ ಹೆಚ್ಚು ಕುಸಿಯದಿದ್ದರೆ ನೆಲ ಸಿದ್ಧವಾದಂತೆ. ಹುಲ್ಲಿನ ಬಿಲ್ಲೆಗೂ ಒಂದು ದಪ್ಪವಿರುವುದರಿಂದ ನೆಲವು ಪಕ್ಕದ ಕಾಲುದಾರಿಗಿಂತ ಒಂದಂಗುಲ ಕೆಳಗಿರಲಿ.

ಹಾಸುವ ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಹಿಡಿದ ದಿನಗಳೇ ಇದಕ್ಕೆ ಸುಮುಹೂರ್ತ. ನೆಲ ಪೂರ್ತಿ ಸಿದ್ಧವಾದ ಮೇಲೆಯೇ ಹುಲ್ಲನ್ನು ತರಿಸಿರಿ. ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳು ಒಳಗೊಳಗೇ ಕಾವೇರಿ ಹಳದಿಯಾಗುವುದರಿಂದ, ಬಂದ ದಿನವೇ ಹಾಸಿ ಮುಗಿಸಬೇಕು. ನೆಲವನ್ನು ಮೊದಲು ತೇವಗೊಳಿಸಿ, ನೇರವಾದ ಅಂಚಿನಿಂದ ಆರಂಭಿಸಿ. ಗೋಡೆ ಕಟ್ಟುವಾಗ ಇಟ್ಟಿಗೆಯನ್ನು ಜೋಡಿಸುವಂತೆ ಒಂದು ಸಾಲಿನ ಸಂದು ಇನ್ನೊಂದು ಸಾಲಿನ ನಡುವಿಗೆ ಬರಲಿ. ಅಂಚಿಗೆ ಅಂಚು ಒತ್ತಿಕೊಂಡಿರಬೇಕು. ಒಂದರ ಮೇಲೊಂದು ಏರಕೂಡದು. ಸಂದುಗಳಿಗೆ ಜರಡಿ ಹಿಡಿದ ಮಣ್ಣನ್ನು ಉದುರಿಸಿ. ಹಾಸಿದ ಭಾಗದ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕುಳಿತು ಮುಂದಿನ ಸಾಲನ್ನು ಜೋಡಿಸಿದರೆ ನೆಲ ಹಳ್ಳ ಬೀಳದು.

ಬಿಲ್ಲೆಗಳ ವೆಚ್ಚ ಭಾರವೆನಿಸಿದವರು ನಿರಾಶರಾಗಬೇಕಿಲ್ಲ. ಗರಿಕೆಯ ಬೇರುಸಹಿತವಾದ ಕುಡಿಗಳನ್ನು ನಾಲ್ಕು ಅಂಗುಲಕ್ಕೊಂದರಂತೆ ನಾಟಿದರೆ ಎರಡು ಮೂರು ತಿಂಗಳಲ್ಲಿ ನೆಲವೆಲ್ಲ ಮುಚ್ಚುತ್ತದೆ. ನೆಲದ ಸಿದ್ಧತೆ ಎರಡಕ್ಕೂ ಒಂದೇ.

ಹಾಸಿದ ಮೇಲೆ

ಮೊದಲ ದಿನ ನೀರು ಧಾರಾಳವಾಗಿರಲಿ. ಬಿಲ್ಲೆಯ ಒಂದು ಮೂಲೆಯನ್ನೆತ್ತಿ ನೋಡಿ. ಕೆಳಗಿನ ಮಣ್ಣೂ ನೆನೆದಿರಬೇಕು. ಎರಡು ವಾರ ಮಳೆಯಿಲ್ಲದ ದಿನವೆಲ್ಲ ನೀರುಣಿಸಿ, ಯಾರೂ ತುಳಿಯದಂತೆ ಕಾಯಿರಿ. ಆಮೇಲೆ ಹುಲ್ಲನ್ನು ಮೆಲ್ಲನೆ ಜಗ್ಗಿ ನೋಡಿ. ಎದ್ದುಬಾರದೆ ಬಿಗಿಯಾಗಿದ್ದರೆ ಬೇರು ಇಳಿದಿದೆ. ಅಲ್ಲಿಂದ ಮುಂದೆ ನೀರನ್ನು ದಿನವೂ ಚಿಮುಕಿಸದೆ, ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಂತೆ ಕೊಡುವುದು ಕ್ರಮ. ಹುಲ್ಲು ಎರಡಂಗುಲಕ್ಕೆ ಬೆಳೆದಾಗ ಮೊದಲ ಕತ್ತರಿ. ಎಂದಿಗೂ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಸಿದ ಚಿಕ್ಕ ತುಣುಕುಗಳು ಅಲ್ಲೇ ಬಿದ್ದಿರಲಿ, ಅವೇ ಗೊಬ್ಬರ.

ಏಪ್ರಿಲ್ ಬಂದು ಹುಲ್ಲು ಕಂದತೊಡಗಿದಾಗ ಮಾತ್ರ ಅನೇಕರು ಧೈರ್ಯಗುಂದಿ ಕೊಳವೆಗೆ ಕೈ ಹಾಕುತ್ತಾರೆ. ಗರಿಕೆ ಬೇಸಗೆಯಲ್ಲಿ ಸಾಯುವುದಿಲ್ಲ, ನಿದ್ರಿಸುತ್ತದೆ. ಎಲೆ ಒಣಗಿದರೂ ಆಳದ ಮಣ್ಣಿನಲ್ಲಿ ಕಾಂಡವೂ ಬೇರೂ ಜೀವ ಹಿಡಿದಿರುತ್ತವೆ. ತೊಟ್ಟಿಯ ಮಳೆನೀರೋ, ಅಕ್ಕಿ ತರಕಾರಿ ತೊಳೆದ ನೀರೋ ಉಳಿದಿದ್ದರೆ ಅಷ್ಟನ್ನು ಕೊಟ್ಟರೆ ಸಾಕು. ನೆಲವನ್ನು ಮೊದಲೇ ಆಳವಾಗಿ ಹದಗೊಳಿಸಿದವರಿಗೆ ಈ ಎರಡು ತಿಂಗಳು ಕಾಯುವುದು ಕಷ್ಟವಲ್ಲ. ಮುಂಗಾರಿನ ನಾಲ್ಕು ಮಳೆ ಬಿದ್ದರೆ ಅಂಗಳ ತಾನಾಗಿಯೇ ಹಸುರಾಗುತ್ತದೆ.