ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್: ನಂಬಿದ್ದೆಷ್ಟು, ನಿಜವೆಷ್ಟು?

ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿಯೇ ಪ್ರಾಸ್ಟೇಟ್. ಅಲ್ಲಿ ಹುಟ್ಟಿದ ಕ್ಯಾನ್ಸರ್ ಮುಂದುವರಿದರೆ ಹೆಚ್ಚಾಗಿ ಹಬ್ಬುವುದು ಮೂಳೆಗಳಿಗೆ, ಅದರಲ್ಲೂ ಬೆನ್ನು, ಸೊಂಟ ಮತ್ತು ಪಕ್ಕೆಲುಬಿಗೆ. ಸೊಂಟನೋವಿಗೆ ಎಣ್ಣೆ ತಿಕ್ಕಿಸಿಕೊಂಡು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು ವಯಸ್ಸಾದ ಮೇಲೆ ಇದ್ದದ್ದೇ ಎಂದು ಸುಮ್ಮನಿದ್ದವರು ಆಸ್ಪತ್ರೆಗೆ ಬರುವ ಹೊತ್ತಿಗೆ ಎಷ್ಟೋ ಸಲ ರೋಗ ಈ ಹಂತ, ಅಂದರೆ ನಾಲ್ಕನೇ ಹಂತ, ಮುಟ್ಟಿರುತ್ತದೆ. ಅಲ್ಲಿಂದಾಚೆಗೆ ಆರೈಕೆಯ ಭಾರ ಹೆಂಡತಿಯ ಹೆಗಲಿಗೆ. ಆಕೆಯ ಪ್ರೀತಿಗೆ ಕೊರತೆಯಿಲ್ಲ. ಆದರೆ ಸುತ್ತಲಿನವರು ತಲೆಗೆ ತುಂಬುವ ತಪ್ಪು ನಂಬಿಕೆಗಳಿಂದ ಆ ಪ್ರೀತಿಯೇ ರೋಗಿಗೆ ತೊಂದರೆ ಕೊಡುವುದುಂಟು. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನಾಲ್ಕನೇ ಹಂತ ಅಂದರೆ ಇನ್ನು ಕೆಲವೇ ತಿಂಗಳು.

ಸತ್ಯ: ಈ ಹಂತದಲ್ಲಿ ರೋಗ ಪೂರ್ತಿ ವಾಸಿಯಾಗುವುದು ಅಪರೂಪ. ಆದರೆ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಪುರುಷ ಹಾರ್ಮೋನ್ ತಗ್ಗಿಸಿದರೆ ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಕುಗ್ಗುತ್ತದೆ ಎಂದು ಷಿಕಾಗೋದ ವೈದ್ಯ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇಂದಿಗೂ ಚಿಕಿತ್ಸೆಯ ತಳಹದಿ ಅದೇ. ಹೊಸ ಔಷಧಿಗಳು ಅದಕ್ಕೆ ಬಲ ತುಂಬಿವೆ. ರೋಗ ಹಬ್ಬಿ, ಅಪಾಯವೂ ಹೆಚ್ಚಿದ್ದ ರೋಗಿಗಳ ಮೇಲೆ ನಡೆದ ಲ್ಯಾಟಿಟ್ಯೂಡ್ ಅಧ್ಯಯನದ ಅಂತಿಮ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹಾರ್ಮೋನ್ ಚಿಕಿತ್ಸೆಯ ಜೊತೆ ಅಬಿರಾಟೆರೋನ್ ಮಾತ್ರೆಯನ್ನೂ ಪಡೆದವರಲ್ಲಿ ಅರ್ಧದಷ್ಟು ಮಂದಿ ಸುಮಾರು 53 ತಿಂಗಳು ದಾಟಿ ಬದುಕಿದ್ದರು. ಆ ಮಾತ್ರೆ ಇಲ್ಲದವರಲ್ಲಿ ಇದು ಸುಮಾರು 36 ತಿಂಗಳು. ಒಬ್ಬೊಬ್ಬರ ರೋಗವೂ ಬೇರೆ, ನಿಜ. ಆದರೆ ಮೊದಲ ದಿನವೇ ಕೈಚೆಲ್ಲಿ ಕೂರಲು ಕಾರಣವಿಲ್ಲ.

ತಪ್ಪು ಕಲ್ಪನೆ: ಅವರಿಗೆ ವಿಷಯ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ, ಹೇಳಬಾರದು.

ಸತ್ಯ: ಕ್ಯಾನ್ಸರ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇದು ದಿನವೂ ಕಾಣುವ ನೋಟ. ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಫೈಲು ಹಿಡಿದು ಒಳಗೆ ಬಂದ ಹೆಂಡತಿ ದನಿ ತಗ್ಗಿಸಿ, “ಡಾಕ್ಟ್ರೇ, ಇವರಿಗೆ ಮಾತ್ರ ಹೇಳಬೇಡಿ, ಗೆಡ್ಡೆ ಅಂತ ಹೇಳಿದೀವಿ” ಎನ್ನುತ್ತಾರೆ. ಹೊರಗೆ ಕೂತವರಿಗೆ ಅಷ್ಟರಲ್ಲಾಗಲೇ ಗೋಡೆಯ ಬೋರ್ಡು ಎಲ್ಲ ಹೇಳಿರುತ್ತದೆ. ಅವರೂ ಹೆಂಡತಿ ನೊಂದುಕೊಂಡಾಳೆಂದು ಬಾಯಿ ಬಿಡುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿ. ಚಿಕಿತ್ಸೆ ಬೇಕೇ ಬೇಡವೇ, ಜಮೀನು, ಸಾಲ, ಮಗಳ ಮದುವೆ ಏನು ಮಾಡುವುದು, ಇವೆಲ್ಲ ಅವರೇ ನಿರ್ಧರಿಸಬೇಕಾದ ಮಾತುಗಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕಿಲ್ಲ. “ರಿಪೋರ್ಟಿನಲ್ಲಿ ಏನಿದೆ ಅಂತ ತಿಳಿದುಕೊಳ್ಳಬೇಕು ಅನ್ನಿಸ್ತಿದೆಯಾ?” ಎಂದು ಕೇಳಿ. ಅವರು ಕೇಳಿದಷ್ಟಕ್ಕೆ ನಿಜ ಹೇಳಿ. ಹೇಗೆ ಹೇಳುವುದೆಂದು ತಿಳಿಯದಿದ್ದರೆ ವೈದ್ಯರ ನೆರವು ಕೇಳಿ.

ತಪ್ಪು ಕಲ್ಪನೆ: ಹಾರ್ಮೋನ್ ಚಿಕಿತ್ಸೆಯಾದ ಮೇಲೆ ಅವರು ನನ್ನಿಂದ ದೂರವಾದರು.

ಸತ್ಯ: ದೂರವಾದದ್ದು ಮನಸ್ಸಲ್ಲ, ಹಾರ್ಮೋನು. ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯಾಗಲಿ, ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಆಗಲಿ ಮಾಡುವ ಕೆಲಸ ಒಂದೇ: ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಇಳಿಸುವುದು. ಅದು ಇಳಿದಾಗ ಕಾಮಾಸಕ್ತಿ ಕುಂದುತ್ತದೆ, ನಿಮಿರುವಿಕೆ ಕಷ್ಟವಾಗುತ್ತದೆ. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ಸುಸ್ತು, ಸಿಡುಕು, ಬೇಸರ ಬರುತ್ತವೆ. ಮುಟ್ಟು ನಿಲ್ಲುವ ಕಾಲದಲ್ಲಿ ನೀವು ಪಟ್ಟ ಪಾಡೇ ಇದು. ಹಾಗಾಗಿ ಅವರನ್ನು ಅರ್ಥ ಮಾಡಿಕೊಳ್ಳಲು ನಿಮಗಿಂತ ಹತ್ತಿರದವರಿಲ್ಲ. ಬೇಸರ ವಾರಗಟ್ಟಲೆ ಮುಂದುವರಿದರೆ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ. ಗಂಡಸುತನ ಹೋಯಿತೆಂದು ಕೊರಗುವವರಿಗೆ ಪಕ್ಕದಲ್ಲಿ ಕೂತು ಕೈ ಹಿಡಿಯುವುದು ದೊಡ್ಡ ಧೈರ್ಯ.

ತಪ್ಪು ಕಲ್ಪನೆ: ಹತ್ತಿರ ಮಲಗಿದರೆ ನನಗೂ ಅಂಟೀತು.

ಸತ್ಯ: ಕ್ಯಾನ್ಸರ್ ಅಂಟುವುದಿಲ್ಲ. ಒಂದೇ ತಟ್ಟೆ, ಒಂದೇ ಹಾಸಿಗೆ, ದೇಹಸಂಪರ್ಕ, ಯಾವುದರಿಂದಲೂ ಇಲ್ಲ. ಕಿಮೋಥೆರಪಿಯ ದಿನಗಳಲ್ಲಿ ಕಾಂಡೋಮ್ ಬಳಸಲು ಹೇಳುವುದು, ವಿಕಿರಣಶೀಲ ಇಂಜೆಕ್ಷನ್ ಕೊಟ್ಟಾಗ ಕೆಲವು ದಿನ ಅಂತರ ಇಡಲು ಹೇಳುವುದು ಔಷಧಿಯ ಕಾರಣಕ್ಕೆ, ರೋಗದ ಕಾರಣಕ್ಕಲ್ಲ.

ತಪ್ಪು ಕಲ್ಪನೆ: ಮೂಳೆಗೆ ಹಬ್ಬಿದೆ, ಹಾಸಿಗೆ ಬಿಟ್ಟು ಏಳಬಾರದು.

ಸತ್ಯ: ಹಾರ್ಮೋನ್ ಚಿಕಿತ್ಸೆಯಿಂದ ಮೂಳೆಯೂ ಸ್ನಾಯುವೂ ಸವೆಯುತ್ತವೆ. ಮಲಗಿದಷ್ಟೂ ಸವೆತ ಹೆಚ್ಚು. ಭಾರ ಎತ್ತುವುದು, ಬಗ್ಗಿ ನೀರು ಸೇದುವುದು ಬೇಡ. ಉಳಿದಂತೆ ವೈದ್ಯರನ್ನು ಕೇಳಿ ದಿನವೂ ನಡೆಸಿ. ಬಚ್ಚಲಿನಲ್ಲಿ ಜಾರದಂತೆ, ರಾತ್ರಿ ದಾರಿಯಲ್ಲಿ ದೀಪವಿರುವಂತೆ ನೋಡಿಕೊಳ್ಳಿ. ಮೂಳೆ ಗಟ್ಟಿಯಾಗಲು ಜೋಲೆಡ್ರೋನಿಕ್ ಆ್ಯಸಿಡ್ ಇಂಜೆಕ್ಷನ್ ಬರೆದಿದ್ದರೆ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆಗೆ ಹಾನಿಯಾಗುವ ಅಪಾಯವಿದೆ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಬೆನ್ನುನೋವು ಹೊಸದಾಗಿ ಶುರುವಾಗಿ ಏರುತ್ತಿದ್ದರೆ, ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹತೋಟಿ ತಪ್ಪಿದರೆ ಗೆಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ತಡಮಾಡಿದರೆ ಕಾಲಿನ ಸ್ವಾಧೀನ ಮರಳಿ ಬಾರದೇ ಹೋಗಬಹುದು.

ತಪ್ಪು ಕಲ್ಪನೆ: ಯಾವ ಮಾತ್ರೆಯಾದರೂ ತಿಂಡಿ ತಿಂದ ಮೇಲೆಯೇ ಕೊಡಬೇಕು, ಊಟದಲ್ಲಿ ಕಟ್ಟುನಿಟ್ಟಿನ ಪಥ್ಯ ಬೇಕು.

ಸತ್ಯ: ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರೆ ಉರಿಯುತ್ತದೆಂದು ಎರಡು ಇಡ್ಲಿ ತಿನ್ನಿಸಿ ಕೊಡುವುದು ನಮ್ಮ ಮನೆಗಳ ರೂಢಿ. ಅಬಿರಾಟೆರೋನ್ ವಿಷಯದಲ್ಲಿ ಇದು ತಪ್ಪಾದೀತು. ಊಟದೊಡನೆ ಕೊಟ್ಟರೆ ಅದು ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆ. ದಿನಕ್ಕೆ 1000 ಮಿಲಿಗ್ರಾಂ ಬರೆದಿದ್ದರೆ ಖಾಲಿ ಹೊಟ್ಟೆಯಲ್ಲೇ ಕೊಡಬೇಕು, ಮಾತ್ರೆ ನುಂಗಿ ಒಂದು ಗಂಟೆ ಏನೂ ತಿನ್ನಬಾರದು. ಕೆಲವು ವೈದ್ಯರು ಕಡಿಮೆ ಪ್ರಮಾಣವನ್ನು ಊಟದೊಡನೆ ಕೊಡಿಸುವುದೂ ಉಂಟು. ನಿಮ್ಮ ಚೀಟಿಯಲ್ಲಿ ಯಾವುದಿದೆ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಅದರ ಜೊತೆಗಿರುವ ಪ್ರೆಡ್ನಿಸೋಲೋನ್ ಮಾತ್ರ ಊಟವಾದ ಮೇಲೆ.

ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವಿದರೆ ಸೊರಗುವುದು ರೋಗಿಯೇ. ರಾಗಿ, ಮೊಸರು, ಮೊಳಕೆಕಾಳು, ತಿನ್ನುವವರಾದರೆ ಮೊಟ್ಟೆ, ಮೀನು, ಎಲ್ಲವೂ ಬೇಕು. ನಾಟಿ ಔಷಧಿ ಕೊಡುವ ಮನಸ್ಸಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ.

ತಪ್ಪು ಕಲ್ಪನೆ: ಮಾರ್ಫಿನ್ ಸಾಯುವಾಗ ಕೊಡುವ ಮದ್ದು, ಚಟ ಹಿಡಿಯುತ್ತದೆ.

ಸತ್ಯ: ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ತೆಗೆದುಕೊಂಡವರಿಗೆ ಚಟ ಹಿಡಿಯುವುದು ಅಪರೂಪ. ನೋವು ಹತೋಟಿಗೆ ಬಂದರೆ ನಿದ್ದೆ, ಊಟ, ಓಡಾಟ ಮರಳುತ್ತವೆ. ಮಲಬದ್ಧತೆ ಮಾತ್ರ ಹೆಚ್ಚಿನವರನ್ನು ಕಾಡುತ್ತದೆ. ಅದಕ್ಕೂ ಔಷಧಿಯನ್ನು ಜೊತೆಯಲ್ಲೇ ಬರೆಸಿಕೊಳ್ಳಿ. ಒಂದು ಮೂಳೆಯ ನೋವಿಗೆ ಎಷ್ಟೋ ಸಲ ಒಂದೇ ದಿನದ ವಿಕಿರಣ ಚಿಕಿತ್ಸೆ ಸಾಕಾಗುತ್ತದೆ. “ಸಹಿಸಿಕೊಳ್ಳಿ” ಎನ್ನಬೇಡಿ. ನೋವು ಯಾವ ಹೊತ್ತಿಗೆ, ಎಲ್ಲಿ, ಎಷ್ಟು ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ.

ತಪ್ಪು ಕಲ್ಪನೆ: ಇದು ಗಂಡಸರ ಕಾಯಿಲೆ, ಹೆಣ್ಣುಮಕ್ಕಳಿಗೆ ಸಂಬಂಧವಿಲ್ಲ.

ಸತ್ಯ: ಹಬ್ಬಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಬಿಆರ್‌ಸಿಎ2ನಂಥ ವಂಶವಾಹಿಯಲ್ಲಿ ಹುಟ್ಟಿನಿಂದಲೇ ದೋಷವಿರುತ್ತದೆ. ಅದು ಮಗನಿಗೂ ಮಗಳಿಗೂ ಇಳಿಯಬಹುದು. ಮಗಳಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಸಂಬಂಧ ಕೂಡಿಬರುವುದಿಲ್ಲವೆಂದು ಹೆದರಿ ಮುಚ್ಚಿಡಬೇಡಿ. ವಂಶವಾಹಿ ಪರೀಕ್ಷೆ ಬೇಕೇ ಎಂದು ಕೇಳಿ.

ತಪ್ಪು ಕಲ್ಪನೆ: ಒಳ್ಳೆಯ ಹೆಂಡತಿ ಎಲ್ಲವನ್ನೂ ಒಬ್ಬಳೇ ಮಾಡುತ್ತಾಳೆ.

ಸತ್ಯ: ವರ್ಷಗಟ್ಟಲೆ ನಡೆಯುವ ಆರೈಕೆ ಒಬ್ಬರಿಂದ ಆಗುವ ಕೆಲಸವಲ್ಲ. ಮಗನಿಗೆ ಔಷಧಿ ತರುವ ಹೊಣೆ, ಮೈದುನನಿಗೆ ಆಸ್ಪತ್ರೆಯ ಓಡಾಟ ಎಂದು ಹೆಸರು ಹಿಡಿದು ಹಂಚಿ. ನೋವು, ನರಳಿಕೆ ತಗ್ಗಿಸುವ ಉಪಶಾಮಕ ಆರೈಕೆ ಕೊನೆಯ ವಾರಕ್ಕಷ್ಟೇ ಎಂದುಕೊಳ್ಳಬೇಡಿ. ಚಿಕಿತ್ಸೆಯ ಜೊತೆಜೊತೆಗೇ ಅದನ್ನು ಪಡೆಯಬಹುದು. ವಾಸಿಯಾಗದ ಹಂತ ತಲುಪಿದವರನ್ನು ಬೆಂಗಳೂರಿನ ಕರುಣಾಶ್ರಯ ಆರೈಕೆ ಕೇಂದ್ರ 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ. ನಿಮ್ಮ ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ. ನಿದ್ದೆಯಿಲ್ಲದೆ, ಅಳು ತಡೆಯಲಾಗದೆ ಇದ್ದರೆ ಮುಂದಿನ ಭೇಟಿಯಲ್ಲಿ ಅವರ ವೈದ್ಯರಿಗೆ ಅದನ್ನೂ ಹೇಳಿ. ನಿಮ್ಮ ಆರೋಗ್ಯ ನೋಡಿಕೊಳ್ಳುವುದೂ ಅವರ ಆರೈಕೆಯ ಒಂದು ಭಾಗ.