ಗಸಗಸೆ ಪಾಯಸವೂ ಮೂತ್ರ ಪರೀಕ್ಷೆಯೂ

2020ರ ಸೆಪ್ಟೆಂಬರ್‌ನಲ್ಲಿ ಚಿತ್ರರಂಗದ ಡ್ರಗ್ಸ್ ಪ್ರಕರಣದಲ್ಲಿ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಯಲ್ಲಿ ಮೂತ್ರದ ಮಾದರಿ ಪಡೆದ ಸುದ್ದಿ ಬಂದಾಗ ಈ ಪರೀಕ್ಷೆ ಮನೆಮಾತಾಯಿತು. ಜೊತೆಗೆ ತಪ್ಪು ತಿಳಿವಳಿಕೆಯೂ ಹಬ್ಬಿತು.

ತಪ್ಪು ಕಲ್ಪನೆ: ಸೇವಿಸಿದ ಮಾದಕ ವಸ್ತುವೇ ಮೂತ್ರದಲ್ಲಿ ಸಿಗುತ್ತದೆ.

ಸತ್ಯ: ಬಹುಪಾಲು ಸಿಗುವುದು ಅದರ ಮೆಟಬೊಲೈಟ್, ಅಂದರೆ ಯಕೃತ್ತು ಮಾರ್ಪಡಿಸಿ ನೀರಿನಲ್ಲಿ ಕರಗುವಂತೆ ಮಾಡಿದ ರೂಪ. (ಎಲ್ಲ ಔಷಧವೂ ಹೀಗಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದ್ದ ಹಾಗೆಯೇ ಹೊರಬೀಳುತ್ತದೆ.) ಗಾಂಜಾ ಪರೀಕ್ಷೆಯಲ್ಲಿ ಹುಡುಕುವುದು ನಶೆ ಏರಿಸುವ ಟಿಎಚ್‌ಸಿಯನ್ನಲ್ಲ, ಅದರಿಂದ ಹುಟ್ಟಿದ, ನಶೆಯಿಲ್ಲದ ಕಾರ್ಬಾಕ್ಸಿಲಿಕ್ ಆಮ್ಲವನ್ನು. ನಿತ್ಯ ಸೇದುತ್ತಿದ್ದವರಲ್ಲಿ ಅದು ಚಟ ಬಿಟ್ಟ ಮೇಲೂ ವಾರಗಟ್ಟಲೆ ಕಾಣಿಸಬಹುದು. ಹಾಗಾಗಿ ಪಾಸಿಟಿವ್ ಬಂದವರೆಲ್ಲ ಆ ಹೊತ್ತಿಗೆ ನಶೆಯಲ್ಲಿದ್ದರು ಎನ್ನಲಾಗದು.

ತಪ್ಪು ಕಲ್ಪನೆ: ಗಸಗಸೆ ತಿಂದು ಸಿಕ್ಕಿಬಿದ್ದೆ ಎನ್ನುವುದು ಕಟ್ಟುಕಥೆ.

ಖಂಡಿತ ಅಲ್ಲ. ಬಸವನಗುಡಿ, ಚಾಮರಾಜಪೇಟೆಯ ಮನೆಗಳ ಹಬ್ಬದೂಟದಲ್ಲಿ ಬಡಿಸುವ ಪಾಯಸದ ಗಸಗಸೆ ಅಫೀಮು ಗಿಡದ್ದೇ ಬೀಜ. ಬೀಜದೊಳಗೆ ಅಫೀಮಿಲ್ಲದಿದ್ದರೂ ಕಾಯಿಯ ಹಾಲಿನ ಅಂಶ ಮೇಲೆ ಅಂಟಿರುತ್ತದೆ. ಎಷ್ಟೆಂಬುದು ಬೆಳೆ, ಕೊಯ್ಲು, ತೊಳೆದ ರೀತಿಯನ್ನು ಅವಲಂಬಿಸಿದೆ. ಪಾಯಸದಿಂದ ನಶೆ ಏರದೆಯೂ ಮೂತ್ರದಲ್ಲಿ ಮಾರ್ಫಿನ್, ಕೊಡೀನ್ ಕಾಣಿಸಬಹುದು. ಅಮೆರಿಕದ ಸರ್ಕಾರಿ ಪರೀಕ್ಷೆಗಳಲ್ಲಿ ಮಿಲಿಲೀಟರಿಗೆ 300 ನ್ಯಾನೊಗ್ರಾಂ ಇದ್ದ ಪಾಸಿಟಿವ್ ಮಿತಿಯನ್ನು 1998ರಲ್ಲಿ 2000ಕ್ಕೆ ಏರಿಸಿದ್ದು ಈ ತೊಡಕಿನಿಂದಲೇ. 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಗಸಗಸೆಯಿಂದ ದೂರವಿರಿ ಎಂದು ಸೈನಿಕರಿಗೆ ತಿಳಿಸಿತು. ದುಬೈಗೆ ಹೊರಟ ಮಕ್ಕಳ ಪೆಟ್ಟಿಗೆಗಂತೂ ಗಸಗಸೆ ಹಾಕಲೇಬೇಡಿ, ಅಲ್ಲಿ ಅದು ನಿಷಿದ್ಧ.

ಹಾಗಾದರೆ ಪಾಯಸ ಉಂಡವರನ್ನೂ ಹೆರಾಯಿನ್ ಸೇವಿಸಿದವರನ್ನೂ ಬೇರ್ಪಡಿಸುವುದು ಹೇಗೆ? 6-ಅಸಿಟೈಲ್‌ಮಾರ್ಫಿನ್ ಎಂಬ ಮೆಟಬೊಲೈಟ್‌ನಿಂದ. ಹೆರಾಯಿನ್ ಒಡೆದಾಗ ಅದು ಹುಟ್ಟುತ್ತದೆ, ಗಸಗಸೆಯಿಂದ ಹುಟ್ಟದು. ಆದರೆ ಸುಮಾರು ಒಂದು ದಿನದೊಳಗೆ ಮಾಯವಾಗುವುದರಿಂದ, ಅದು ಸಿಗಲಿಲ್ಲ ಎಂಬುದೊಂದರಿಂದಲೇ ಯಾರೂ ನಿರ್ದೋಷಿ ಎಂದು ಸಾಬೀತಾಗದು.

ತಪ್ಪು ಕಲ್ಪನೆ: ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್ ಪಾಸಿಟಿವ್ ಬಂದರೆ ಮುಗಿಯಿತು.

ಇದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಸ್ಟ್ರಿಪ್‌ನಲ್ಲಿರುವ ಪ್ರತಿಕಾಯಗಳು ಅಣುವಿನ ಆಕಾರದ ಹೋಲಿಕೆಯನ್ನಷ್ಟೇ ಹಿಡಿಯುತ್ತವೆ. ಸೋಂಕಿಗೆ ಕೊಡುವ ಲೆವೊಫ್ಲಾಕ್ಸಸಿನ್ ಮಾತ್ರೆಯಿಂದಲೂ ಅಫೀಮಿನ ಪರೀಕ್ಷೆ ಸುಳ್ಳು ಪಾಸಿಟಿವ್ ತೋರಿಸಿದ್ದುಂಟು. ಅಣುವಿನ ತೂಕವನ್ನೂ ಅದು ಒಡೆದ ಚೂರುಗಳ ತೂಕವನ್ನೂ ಅಳೆಯುವ ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ದೃಢಪಡುವವರೆಗೆ ಸ್ಟ್ರಿಪ್‌ನ ಫಲಿತಾಂಶ ಬರೀ ಅನುಮಾನ.

ನೀರು ಕುಡಿದು ತೊಳೆದುಬಿಡುತ್ತೇನೆ ಎನ್ನುವವರಿಗೂ ಒಂದು ಮಾತು: ಪ್ರಯೋಗಾಲಯ ಕ್ರಿಯಾಟಿನಿನ್ ಅಳೆಯುತ್ತದೆ. ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮಾದರಿ ತೆಳುವಾಗಿದೆಯೆಂಬ ಶಂಕೆ ಏಳುತ್ತದೆ.

ಉದ್ಯೋಗಕ್ಕೋ ವೀಸಾಕ್ಕೋ ಪರೀಕ್ಷೆ ಕೊಡುವಾಗ ನುಂಗುತ್ತಿರುವ ಮಾತ್ರೆಗಳ ಹೆಸರನ್ನೆಲ್ಲ ಮೊದಲೇ ಬರೆದುಕೊಡಿ. ಪಾಸಿಟಿವ್ ಬಂದರೆ ದೃಢೀಕರಣ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿಯಿರಿ.